ಅಗಲ ಟೈರು ಹಾಕಿಸುವ ಮುನ್ನ

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗುವ ಸದಸ್ಯರಿಗೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು ಚೆನ್ನಾಗಿ ಗೊತ್ತು. ಪರ್ಫಾರ್ಮೆನ್ಸ್ ಟೈರಿನ ಗುಣ ಕಾಣುವುದು ಅಂಥ ಕಡೆಯೇ. ರಬ್ಬರು ಮೆದು, ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಸೈಡ್‌ವಾಲ್ ಗಿಡ್ಡ, ಹಾಗಾಗಿ ಸ್ಟೀರಿಂಗ್ ತಿರುಗಿಸಿದೊಡನೆ ಕಾರೂ ತಿರುಗುತ್ತದೆ.

ಆದರೆ ಅದೇ ಗಿಡ್ಡ ಸೈಡ್‌ವಾಲ್ ಗುಂಡಿಯ ಏಟನ್ನು ನುಂಗದೆ ರಿಮ್ಮಿಗೆ ದಾಟಿಸುತ್ತದೆ. ಮೆದು ರಬ್ಬರು ಬೇಗ ಸವೆಯುತ್ತದೆ. ಒರಟು ಡಾಂಬರಿನಲ್ಲಿ ಸದ್ದೂ ಹೆಚ್ಚು. ಕುಟುಂಬದೊಡನೆ ದೂರ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಟೈರಿನ ಮೇಲೆ 205/55 ಎಂದಿದ್ದರೆ ಅಗಲ 205 ಮಿ.ಮೀ., ಸೈಡ್‌ವಾಲ್ ಎತ್ತರ ಅದರ ಶೇ. 55. ಅಂಗಡಿಯಲ್ಲಿ ಅಗಲದ ಮಾತೇ ಜಾಸ್ತಿ. ಮಳೆಯಲ್ಲಿ ಅಗಲಕ್ಕಿಂತ ಟ್ರೆಡ್ ಆಳ ಮುಖ್ಯ: ನೀರು ಹೊರಹೋಗಲು ಸಾಲುಗಳಿಲ್ಲದಿದ್ದರೆ ಅಗಲ ಟೈರೇ ಮೊದಲು ತೇಲುತ್ತದೆ. ಕಾನೂನಿನ ಮಿತಿ 1.6 ಮಿ.ಮೀ. ಸಾಲಿನೊಳಗಿನ ಸಣ್ಣ ಉಬ್ಬು ಟ್ರೆಡ್ಡಿಗೆ ಸಮವಾಗಿದ್ದರೆ ಘಾಟಿ ಇಳಿಯಬೇಡಿ.