ಜೇಬಿನೊಳಗಿನ ಗ್ರ್ಯಾಂಡ್‌ಮಾಸ್ಟರ್

‘ಅಣ್ಣಾ, ಕಾರ್ಲ್‌ಸನ್‌ನನ್ನೇ ಸೋಲಿಸೋ ಆಟಗಾರ ನಿನ್ನ ಜೇಬಲ್ಲೇ ಇದ್ದಾನೆ. ಮತ್ತೆ ನೀನ್ಯಾಕೆ ಇಷ್ಟು ಒದ್ದಾಡ್ತೀಯ?’

ಪಿಯುಸಿ ಓದುವ ತಮ್ಮ ಹೀಗೆ ಕೇಳಿದಾಗ ನಾನು ಚೆಸ್ ಬೋರ್ಡ್ ಮುಂದೆ ತಲೆ ಕೆರೆದುಕೊಳ್ಳುತ್ತಾ ಕೂತಿದ್ದೆ. ಅಂದು ಬೆಳಿಗ್ಗೆಯಷ್ಟೇ ಒಂದು ಸಂದರ್ಶನ ಕೆಡಿಸಿಕೊಂಡು ಬಂದಿದ್ದೆ. ಬಿಸಿಎ ಮುಗಿದ ಮೇಲೆ ಅದು ನಾಲ್ಕನೆಯದು. ಹಾಗಾಗಿ ಅವನ ಮಾತು ಚೆಸ್‌ಗಿಂತ ಹೆಚ್ಚಾಗಿ ನನ್ನ ಕೆಲಸದ ಹುಡುಕಾಟಕ್ಕೇ ನಾಟಿತು.

ತಮ್ಮ ಹೇಳಿದ್ದು ಸುಳ್ಳೇನಲ್ಲ. 1996ರಲ್ಲಿ ಫಿಲಡೆಲ್ಫಿಯಾದಲ್ಲಿ ಗ್ಯಾರಿ ಕ್ಯಾಸ್ಪರೋವ್ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರನ್ನು 4–2ರಿಂದ ಮಣಿಸಿದ್ದರು. ಮರುವರ್ಷ ಮೇ ತಿಂಗಳಲ್ಲಿ, ನ್ಯೂಯಾರ್ಕ್‌ನಲ್ಲಿ, ಸುಧಾರಿಸಿಕೊಂಡು ಬಂದ ಅದೇ ಯಂತ್ರ 3.5–2.5ರಿಂದ ಗೆದ್ದಿತು. ಆ ಪಂದ್ಯದ ಎರಡನೇ ಆಟದಲ್ಲಿ ಕ್ಯಾಸ್ಪರೋವ್ ಸೋಲೊಪ್ಪಿಕೊಂಡು ಎದ್ದುಹೋದರು. ಡ್ರಾ ಮಾಡಿಕೊಳ್ಳುವ ದಾರಿ ಇನ್ನೂ ಇತ್ತೆಂದು ವಿಶ್ಲೇಷಕರು ಆಮೇಲೆ ತೋರಿಸಿದರು. ಯಂತ್ರ ಅಂಥ ದಾರಿಯನ್ನು ತೆರೆದಿಟ್ಟಿರಲಾರದು ಅಂದುಕೊಂಡರೋ ಏನೋ!

ಮನುಷ್ಯ ಅಷ್ಟಕ್ಕೇ ಕೈಚೆಲ್ಲಲಿಲ್ಲ. 2002ರಲ್ಲಿ ಬಹ್ರೇನ್‌ನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್, ಡೀಪ್ ಫ್ರಿಟ್ಜ್ ಎದುರು 4–4ರ ಸಮಬಲ ಸಾಧಿಸಿದರು. 2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಮತ್ತೆ ಎದುರಾದಾಗ 2–4ರಿಂದ ಸೋತರು. ಆಗ ಒಂದು ಆಟದಲ್ಲಿ, ಒಂದೇ ನಡೆಗೆ ಬೀಳುವ ಚೆಕ್‌ಮೇಟ್ ಅವರ ಕಣ್ಣಿಗೇ ಬೀಳಲಿಲ್ಲ. ವಿಶ್ವ ಚಾಂಪಿಯನ್‌ಗೂ ದಣಿವಾಗುತ್ತದೆ, ಗಮನ ತಪ್ಪುತ್ತದೆ. ಯಂತ್ರಕ್ಕೆ ಅವೆರಡೂ ಇಲ್ಲ. 2009ರಲ್ಲಂತೂ ಬ್ಯೂನಸ್ ಐರಿಸ್‌ನ ಟೂರ್ನಿಯೊಂದರಲ್ಲಿ ಪಾಕೆಟ್ ಫ್ರಿಟ್ಜ್ ಎಂಬ ತಂತ್ರಾಂಶ ಮೊಬೈಲ್ ಫೋನಿನಲ್ಲಿ ಆಡಿ, ಹತ್ತು ಆಟಗಳಲ್ಲಿ ಒಂಬತ್ತೂವರೆ ಅಂಕ ಬಾಚಿಕೊಂಡಿತು. 2016ರ ಹೊತ್ತಿಗೆ ಕೊಮೊಡೊ ಎಂಬ ಎಂಜಿನ್ ಅಮೆರಿಕದ ಹಿಕಾರು ನಕಮುರಾಗೆ ಪ್ರತಿ ಆಟದಲ್ಲೂ ಒಂದಿಲ್ಲೊಂದು ರಿಯಾಯಿತಿ ಕೊಟ್ಟು ಆಡಿಯೂ 2.5–1.5ರಿಂದ ಗೆದ್ದಿತು.

ಹಾಗಾದರೆ ಯಂತ್ರ ಎಷ್ಟು ಬಲಶಾಲಿ? ಚೆಸ್‌ನಲ್ಲಿ ಬಲವನ್ನು ಅಳೆಯುವುದು ಎಲೊ ರೇಟಿಂಗ್‌ನಿಂದ. ಇಬ್ಬರ ನಡುವೆ 400 ಅಂಕಗಳ ಅಂತರವಿದ್ದರೆ, ಹತ್ತು ಆಟಗಳಲ್ಲಿ ಬಲಶಾಲಿಗೆ ಸುಮಾರು ಒಂಬತ್ತು ಅಂಕ ಸಿಗುತ್ತದೆ ಎಂಬುದು ಲೆಕ್ಕ. ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882 ಮನುಷ್ಯರಲ್ಲಿ ದಾಖಲೆ. ಸ್ಟಾಕ್‌ಫಿಶ್ ಎಂಬ ಉಚಿತ ಎಂಜಿನ್‌ಗೆ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಸುಮಾರು 3600 ಇದೆ. ಈ ಅಂತರವನ್ನು ಹಾಗೆಯೇ ನಂಬಿದರೆ, ನೂರು ಆಟ ಆಡಿದರೂ ಕಾರ್ಲ್‌ಸನ್‌ಗೆ ಎರಡು ಅಂಕ ಸಿಕ್ಕರೆ ಹೆಚ್ಚು.

ಆದರೆ ಇಲ್ಲೊಂದು ಕೊಕ್ಕೆ ಇದೆ. ಕಾರ್ಲ್‌ಸನ್ ಅಂಕ ಗಳಿಸಿದ್ದು ಮನುಷ್ಯರೊಂದಿಗೆ ಆಡಿ, ಸ್ಟಾಕ್‌ಫಿಶ್ ಗಳಿಸಿದ್ದು ಬೇರೆ ಎಂಜಿನ್‌ಗಳೊಂದಿಗೆ ಆಡಿ. ಎರಡು ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟ ಹಾಗೆ ಇದು. ಇಬ್ಬರೂ ಒಂದೇ ಪರೀಕ್ಷೆ ಬರೆಯದೆ ಅಂತರ ಎಷ್ಟೆಂದು ಕರಾರುವಾಕ್ಕಾಗಿ ಹೇಳಲಾಗದು. ಯಂತ್ರ ಮುಂದಿದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಬೇರೆ ಸಂಗತಿ. ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ನನ್ನ ಫೋನಿಗೆ ಆ ವೇಗ ಎಲ್ಲಿಂದ ಬರಬೇಕು? ಆದರೂ ಅದರೊಳಗಿನ ಸ್ಟಾಕ್‌ಫಿಶ್ ಡೀಪ್ ಬ್ಲೂಗಿಂತ ಬಹಳ ಗಟ್ಟಿ. ಯಾವ ದಾರಿ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅದಕ್ಕೆ ಚೆನ್ನಾಗಿ ಬರುತ್ತದೆ. ಅಂದರೆ ಯಂತ್ರಕ್ಕೂ ಬಲ ಬಂದದ್ದು ಬರೀ ವೇಗದಿಂದಲ್ಲ.

ಆ ತೀರ್ಮಾನವನ್ನೇ ನಾನು ಫೋನಿಗೆ ಬಿಟ್ಟುಕೊಟ್ಟಿದ್ದೆ. ಪ್ರತಿ ಆಟ ಮುಗಿದ ತಕ್ಷಣ ಎಂಜಿನ್ ಹಚ್ಚುವುದು, ಅದು ಬಾಣದ ಗುರುತು ಹಾಕಿ ತೋರಿಸಿದ ನಡೆಗೆ ‘ಹೌದಲ್ವಾ’ ಎಂದು ತಲೆಯಾಡಿಸುವುದು. ಕಲಿಯುತ್ತಿದ್ದೇನೆ ಅಂದುಕೊಂಡಿದ್ದೆ. ಕೊನೆಯ ವರ್ಷದ ಅಂತರ ಕಾಲೇಜು ಟೂರ್ನಿಯಲ್ಲಿ ಗೆಲ್ಲುವ ಸ್ಥಿತಿಯಲ್ಲಿದ್ದೂ ದಾರಿ ಕಾಣದೆ ಸೋತೆ. ಹೊರಗೆ ಬಂದು ಫೋನ್ ತೆಗೆದರೆ ಉತ್ತರ ಒಂದೇ ಸೆಕೆಂಡಿನಲ್ಲಿ ಬಂತು. ಆಗಲೂ ತಲೆಯಾಡಿಸಿದೆ.

ಆ ದಿನದ ಸಂದರ್ಶನದಲ್ಲಿ ಆದದ್ದೂ ಅದೇ. ಹಾಜರಾತಿಗೆಂದು ನಾನು ಮಾಡಿದ್ದ ಪ್ರಾಜೆಕ್ಟ್‌ನ ಅರ್ಧಕ್ಕರ್ಧ ಕೋಡ್ ಬರೆದುಕೊಟ್ಟದ್ದು ಎಐ. ‘ಈ ಮಾಹಿತಿಯನ್ನ ಎರಡು ಟೇಬಲ್‌ಗಳಲ್ಲಿ ಯಾಕೆ ಇಟ್ಟಿದ್ದೀರಿ?’ ಎಂದು ಮೇಡಂ ಕೇಳಿದರು. ‘ಸರಿಯಾಗಿ ಕೆಲಸ ಮಾಡುತ್ತೆ ಮೇಡಂ’ ಅಂದೆ. ‘ಅದು ಗೊತ್ತಾಯ್ತು. ಯಾಕೆ ಅಂತ ಕೇಳ್ತಿದ್ದೀನಿ’ ಅಂದರು. ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ಗುಕೇಶ್ ನೆನಪಾದರು. ಕೋಚ್ ವಿಷ್ಣು ಪ್ರಸನ್ನ ಅವರ ಬಳಿ ಕಲಿಯುವಾಗ ಆರಂಭದ ವರ್ಷಗಳಲ್ಲಿ ಅವರು ಎಂಜಿನ್ ಬಳಸುತ್ತಿರಲಿಲ್ಲವಂತೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟದಲ್ಲಿ, ಡಿಂಗ್ ಲಿರೆನ್ 55ನೇ ನಡೆಯಲ್ಲಿ ರೂಕ್ ಅನ್ನು ತಪ್ಪು ಮನೆಗೆ ಸರಿಸಿದರು. ಎಂಜಿನ್ ಹಚ್ಚಿಕೊಂಡು ನೋಡುತ್ತಿದ್ದ ನಮಗೆಲ್ಲ ಅದು ಪ್ರಮಾದವೆಂದು ಆ ಕ್ಷಣವೇ ತಿಳಿಯಿತು. ಬೋರ್ಡ್ ಮುಂದೆ ಕೂತಿದ್ದ 18ರ ಹುಡುಗನಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಅದನ್ನು ಅವರೇ ಕಾಣಬೇಕಿತ್ತು, ಕಂಡರು. ಅತಿ ಕಿರಿಯ ವಿಶ್ವ ಚಾಂಪಿಯನ್ ಆದರು.

ಎಂಜಿನ್ ಬೇಡವೆನ್ನುವಷ್ಟು ದಡ್ಡ ನಾನಲ್ಲ. ಈಗಿನ ಗ್ರ್ಯಾಂಡ್‌ಮಾಸ್ಟರ್‌ಗಳೆಲ್ಲ ಅದರೊಂದಿಗೇ ತಯಾರಿ ನಡೆಸುತ್ತಾರೆ. ನಾನು ಬದಲಿಸಿಕೊಂಡದ್ದು ಕ್ರಮವನ್ನು ಮಾತ್ರ. ಆಟ ಮುಗಿದ ಮೇಲೆ ಎಲ್ಲಿ ಎಡವಿದೆ, ಯಾಕೆ ಎಂದು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಎಂಜಿನ್ ಹಚ್ಚುವುದು ಆಮೇಲೆ. ಪ್ರಾಜೆಕ್ಟನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ, ಪ್ರತಿ ಸಾಲಿನ ‘ಯಾಕೆ’ ಗೊತ್ತಾಗುವವರೆಗೆ. ನಿಧಾನವಾಗುತ್ತಿದೆ, ನಿಜ. ಕೆಲಸವಿನ್ನೂ ಸಿಕ್ಕಿಲ್ಲ.

ನಿನ್ನೆ ರಾತ್ರಿ ತಮ್ಮ ನನ್ನನ್ನು ಸೋಲಿಸಿದ. ನನ್ನ ಕುದುರೆಯ ನಡೆಯೇ ತಪ್ಪು ಎಂದು ಅವನು, ಅದಕ್ಕೂ ಮೊದಲೇ ಎಡವಿದ್ದೆ ಎಂದು ನಾನು, ಊಟಕ್ಕೆ ಕರೆದು ಕರೆದು ಅಮ್ಮ ರೇಗುವವರೆಗೂ ವಾದ ಮಾಡಿದೆವು. ಫೋನ್ ಚಾರ್ಜಿಗಿತ್ತು. ಇಬ್ಬರೂ ಅದನ್ನು ಕೇಳಲು ಹೋಗಲಿಲ್ಲ.