ರಾಣಿ ಇರುವೆಯ ಉಪವಾಸ

ಮಕ್ಕಳೇ, ಮುಂಗಾರು ಮಳೆ ಸುರಿದ ಸಂಜೆ ಮಾದಿಹಳ್ಳಿಯ ಬೀದಿದೀಪದ ಕೆಳಗೆ ನೋಡಿ. ಮಳೆಹುಳುಗಳ ನಡುವೆ ರೆಕ್ಕೆ ಕಳಚಿದ, ದಪ್ಪ ಹೊಟ್ಟೆಯ ಕರಿ ಗೊದ್ದವೊಂದು ಓಡಾಡುತ್ತಿರಬಹುದು. (ಮಳೆಹುಳು ಗೆದ್ದಲಿನ ಜಾತಿ, ಗೊದ್ದಕ್ಕೆ ಸಣ್ಣ ಸೊಂಟವಿದೆ.) ಅದು ಗಂಡಿನೊಡನೆ ಕೂಡಿ, ಗೂಡು ಮಾಡಲು ಜಾಗ ಹುಡುಕುತ್ತಿರುವ ರಾಣಿ. ಇಂಥದ್ದನ್ನೇ ಹಿಡಿಯಿರಿ. ಗೂಡು ಅಗೆದು ರಾಣಿಯನ್ನು ತೆಗೆದರೆ ಆ ಸಂಸಾರವೇ ಹಾಳಾಗುತ್ತದೆ.

ಪ್ರನಾಳದ ಮೂರನೇ ಒಂದು ಭಾಗ ನೀರು ತುಂಬಿ, ನೀರಿಗೆ ತಾಗುವಂತೆ ಹತ್ತಿ ತುರುಕಿ. ಪ್ರನಾಳವನ್ನು ಮಲಗಿಸಿ ರಾಣಿಯನ್ನು ಒಳಗೆ ಬಿಡಿ. ಬಾಯಿಗೂ ಹತ್ತಿ ಇಟ್ಟು, ಕಪ್ಪು ಬಟ್ಟೆ ಸುತ್ತಿ, ಅಲುಗಾಡದ ಕಡೆ ಇಡಿ. ಆಹಾರ ಹಾಕಬೇಡಿ! ರಾಣಿ ಇನ್ನು ಹಾರುವುದಿಲ್ಲ. ರೆಕ್ಕೆ ಬಡಿಯುತ್ತಿದ್ದ ಸ್ನಾಯುಗಳೂ ಮೈಯ ಕೊಬ್ಬೂ ಕರಗಿ, ಅದಕ್ಕೂ ಮರಿಗಳಿಗೂ ಆಹಾರವಾಗುತ್ತವೆ. ಮೊಟ್ಟೆ, ಲಾರ್ವ, ಪ್ಯೂಪ ದಾಟಿ ಪುಟ್ಟ ಕೆಲಸಗಾರ ಇರುವೆಗಳು ಬರಲು ಒಂದೆರಡು ತಿಂಗಳು ಬೇಕು.

ಮೊದಲ ಸಲ ನಾನು ದಿನವೂ ಬಟ್ಟೆ ಸರಿಸಿ ನೋಡಿದೆ. ಗಾಬರಿಯಾದ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಬಿಟ್ಟಿತು. ವಾರಕ್ಕೊಮ್ಮೆ ಅರೆ ನಿಮಿಷ ನೋಡಿದರೆ ಸಾಕು.

ಕೆಲಸಗಾರರು ಕಾಣಿಸಿದ ದಿನ ಒಂದು ಹನಿ ಸಕ್ಕರೆನೀರು, ಒಂದು ಸತ್ತ ಸೊಳ್ಳೆ ಕೊಡಿ. ಔಷಧಿ ಹೊಡೆದ ಸೊಳ್ಳೆ ಬೇಡ. ಸಾಕಲು ಆಗದಿದ್ದರೆ ಹಿಡಿದ ಜಾಗದಲ್ಲೇ ಬಿಟ್ಟುಬನ್ನಿ.