ಘಾಟಿಯೂ ಪಾಠಶಾಲೆಯೂ

ಶಾಲೆಯ ಪಾಠಕ್ರಮವು ಹೊಸ ಕಾಲಕ್ಕೆ ಹೊಂದಬೇಕೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ಆ ಕಾರ್ಯವು ಎಲ್ಲಿಂದ ಆರಂಭವಾಗಬೇಕು? ಶ್ರೋತೃಗಳು ಒಮ್ಮೆ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ನಿಲ್ದಾಣವನ್ನು ನೆನೆಯಬೇಕು.

೧೯೬೧ರವರೆಗೆ ಪೋರ್ಚುಗೀಸರ ಅಧೀನದಲ್ಲಿದ್ದ ಗೋವೆಯ ಗಡಿಗೆ ಹೊಂದಿದ ನಿಲ್ದಾಣವಿದು. ಗೋವೆಯ ಕುಳೆಂನಿಂದ ಇಲ್ಲಿಗೆ ಬರುವ ರೈಲುದಾರಿಯ ಏರು ೩೭ಕ್ಕೆ ೧. ಎಂದರೆ ೩೭ ಅಡಿ ಸಾಗಿದರೆ ೧ ಅಡಿ ಮೇಲಕ್ಕೆ. ಭಾರವಾದ ಗಾಡಿಯನ್ನು ಹಿಂದಿನಿಂದ ನೂಕಲು ಬೇರೆ ಎಂಜಿನುಗಳು ಬೇಕು. ಗಣಿತ, ಭೂಗೋಳ, ಚರಿತ್ರೆ ಮೂರೂ ಇಲ್ಲಿನ ಮಕ್ಕಳ ಕಣ್ಣೆದುರಿಗೇ ಇವೆ.

ಈ ತಾಲ್ಲೂಕಿನ ಕುಣಬಿ ಮಕ್ಕಳ ಮನೆಮಾತು ಕೊಂಕಣಿ. ಗೆಡ್ಡೆಗೆಣಸುಗಳ ಬೇಸಾಯ ಅವರ ಹಿರಿಯರ ವಿದ್ಯೆ. ಶಾಲೆಯ ಮಾತು ಕನ್ನಡ. ಮುಂದೆ ಇಂಗ್ಲಿಷ್ ಬೇರೆ. ಈ ಏರನ್ನು ಆರು ವರ್ಷದ ಮಗುವು ಒಂದೇ ಉಸಿರಿಗೆ ಹತ್ತಲಾರದು. ಅರ್ಥವಾಗದ ಮಗು ಸುಮ್ಮನಿರುತ್ತದೆ. ನಾವು ಅದನ್ನು ದಡ್ಡನೆಂದು ತಿಳಿಯುತ್ತೇವೆ. ನಷ್ಟವು ಇಲ್ಲಿಯೇ ಮೊದಲಾಗುವುದು.

ಗಾಂಧೀಜಿಯವರ ೧೯೩೭ರ ವಾರ್ಧಾ ಯೋಜನೆಯು ತಾಯ್ನುಡಿಯಲ್ಲಿ, ಕೈಕಸುಬಿನ ಮೂಲಕ ಕಲಿಸಬೇಕೆಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವೆಡೆ ಐದನೆಯ ತರಗತಿಯವರೆಗಾದರೂ ಮನೆಮಾತನ್ನು ಬಯಸುತ್ತದೆ. ಕನ್ನಡ, ಇಂಗ್ಲಿಷುಗಳನ್ನು ಬಿಡಬೇಕೆಂದಲ್ಲ. ಮೊದಲ ವರ್ಷಗಳಲ್ಲಿ ಮಗುವಿನ ನುಡಿಯನ್ನು ಬಲ್ಲ ಉಪಾಧ್ಯಾಯರಿರಲಿ. ಹಿಂದಿನಿಂದ ನೂಕುವ ಎಂಜಿನು ಅವರೇ. ಅದರಿಂದ ಘಾಟಿಯು ತಗ್ಗುವುದಿಲ್ಲ. ಹತ್ತುವ ಬಲ ಬರುತ್ತದೆ.